ಹೊಸ ಕಿಟಕಿಗೆ ತೂತು ಕೊರೆಯದೆ ಅಲಾರಂ: ಮ್ಯಾಗ್ನೆಟ್ ಸೆನ್ಸರ್ ಟಿಪ್ಪಣಿ

ಕಿಟಕಿ ಸೆನ್ಸರ್‌ನಲ್ಲಿ ಎರಡು ತುಂಡು: ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ, ದೂರ ಹೋದಾಗ ಸ್ಥಿತಿ ಬದಲಿಸುವ ಸ್ವಿಚ್) ಮತ್ತು ಅಯಸ್ಕಾಂತ. ವೈರು ಇರುವ ಸ್ವಿಚ್ ಚೌಕಟ್ಟಿಗೆ, ಅಯಸ್ಕಾಂತ ತೆರೆಯುವ ಶಟರಿಗೆ. ಅದಲುಬದಲಾದರೆ ವೈರು ಶಟರಿನ ಜೊತೆ ಆಡಿ ಆಡಿ ತುಂಡಾಗುತ್ತದೆ. ಕೀಲಿನ ಕಡೆ ಬೇಡ, ಹಿಡಿಯ ಕಡೆ ಇರಲಿ; ಕೀಲಿನ ಹತ್ತಿರ ಇಟ್ಟರೆ ಕಿಟಕಿ ಅರ್ಧ ತೆರೆದರೂ ಅಯಸ್ಕಾಂತ ಅಷ್ಟಾಗಿ ದೂರ ಸರಿಯುವುದಿಲ್ಲ. ಸ್ಲೈಡಿಂಗ್ ಕಿಟಕಿ ಆದರೆ ಎರಡು ಗಾಜಿನ ಶಟರಿಗೂ ಒಂದೊಂದು ಸೆನ್ಸರ್ ಬೇಕು, ಎರಡೂ ಸರಿಯುತ್ತವಲ್ಲ. ಗಾಜು ಒಡೆದರೆ ಈ ಸೆನ್ಸರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಒಳಗಿನ ಕಬ್ಬಿಣದ ಸರಳು ತೆಗೆಸಬೇಡಿ.

ಡ್ರಿಲ್ ಯಾಕೆ ಬೇಡ

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟು ಒಳಗೆ ಪೊಳ್ಳು. ಸಂದಿಗೆ ಇಳಿದ ಮಳೆನೀರು ಕೆಳಪಟ್ಟಿಯ ಕಂಡಿಗಳಿಂದ ಹೊರಗೆ ಹೋಗಬೇಕು. ಕೆಳಪಟ್ಟಿಗೆ ಒಂದು ತೂತು ಬಿದ್ದರೆ ಅದೇ ನೀರು ಗೋಡೆಗೆ ಇಳಿಯುತ್ತದೆ, ಒಳಗಿನ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿಯುತ್ತದೆ. ಹೊಸನಗರ, ಆಗುಂಬೆ ಕಡೆಯ ಮಳೆಗೆ ಇದು ಒಂದೇ ಮಳೆಗಾಲದ ಕೆಲಸ. ಡ್ರಿಲ್ ಬಿಟ್ ಟಫನ್ಡ್ ಗಾಜಿನ ಅಂಚಿಗೆ ತಾಗಿದರಂತೂ ಇಡೀ ಗಾಜು ಪುಡಿ. ವೈರನ್ನು ಪಕ್ಕದ ಗೋಡೆಯ ಮೇಲೆ ಕೇಸಿಂಗ್ ಪಟ್ಟಿಯಲ್ಲಿ ಒಯ್ಯಿರಿ.

ಅಂಟಿಸುವುದು

ಹೊಸ ಚೌಕಟ್ಟಿನ ಮೇಲೆ ಪಾರದರ್ಶಕ ರಕ್ಷಣಾ ಹಾಳೆ ಇರುತ್ತದೆ. ಅದರ ಮೇಲೆಯೇ ಅಂಟಿಸಿದರೆ ಹಾಳೆ ಎದ್ದ ದಿನ ಸೆನ್ಸರೂ ಎದ್ದು ಬರುತ್ತದೆ. ಮೊದಲು ಅದನ್ನು ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮಳೆಗಾಲದಲ್ಲಿ ಚೌಕಟ್ಟಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಹೇರ್ ಡ್ರೈಯರ್‌ನಲ್ಲಿ ಎರಡು ನಿಮಿಷ ಒಣಗಿಸಿ. ಅಕ್ರಿಲಿಕ್ ಫೋಮ್ ಟೇಪ್ ಹಾಕಿ ಬಿಗಿಯಾಗಿ ಒತ್ತಿ. ಆ ಟೇಪಿಗೆ ಪೂರ್ತಿ ಬಲ ಬರಲು 72 ಗಂಟೆ ಬೇಕು, ಅಲ್ಲಿಯವರೆಗೆ ವೈರು ಎಳೆಯಬೇಡಿ.

ಸ್ವಿಚ್ ಮತ್ತು ಅಯಸ್ಕಾಂತದ ನಡುವಿನ ಸಂದು 3ರಿಂದ 5 ಮಿ.ಮೀ. ಇರಲಿ. ಪೆಟ್ಟಿಗೆಯ ಮೇಲೆ ಇನ್ನೂ ಹೆಚ್ಚು ಬರೆದಿರಬಹುದು. ಆದರೆ ಯುಪಿವಿಸಿಯೊಳಗಿನ ಉಕ್ಕು ಅಯಸ್ಕಾಂತದ ಬಲವನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಅಷ್ಟು ದೂರ ಸಿಗುವುದಿಲ್ಲ. ಸ್ವಿಚ್ ಹಿಡಿಯದಿದ್ದರೆ ಎರಡೂ ತುಂಡಿನ ಅಡಿಗೆ 5 ಮಿ.ಮೀ. ಪ್ಲಾಸ್ಟಿಕ್ ತುಂಡು ಕೊಡಿ.

ಎನ್‌ಸಿ, ಎನ್‌ಓ: ಎಲ್ಲರೂ ಎಡವುವ ಜಾಗ

ರೀಡ್ ಸ್ವಿಚ್ಚನ್ನು ಮೇಜಿನ ಮೇಲೆ ಒಂಟಿಯಾಗಿ ಇಟ್ಟರೆ ಸಾಮಾನ್ಯವಾಗಿ ಅದು ತೆರೆದ ಸ್ವಿಚ್, ಅಂದರೆ ನಾರ್ಮಲಿ ಓಪನ್ (ಎನ್‌ಓ). ಅದೇ ವಸ್ತುವನ್ನು ಅಲಾರಂ ಅಂಗಡಿಯಲ್ಲಿ ‘ಎನ್‌ಸಿ’ (ನಾರ್ಮಲಿ ಕ್ಲೋಸ್ಡ್, ಮುಚ್ಚಿದ ಸ್ವಿಚ್) ಎಂದು ಕೊಡುತ್ತಾರೆ. ಎರಡೂ ಸರಿ. ಬಿಡಿಭಾಗದ ಲೆಕ್ಕದಲ್ಲಿ ‘ನಾರ್ಮಲ್’ ಎಂದರೆ ಅಯಸ್ಕಾಂತ ಇಲ್ಲದ ಸ್ಥಿತಿ. ಅಲಾರಂ ಲೆಕ್ಕದಲ್ಲಿ ‘ನಾರ್ಮಲ್’ ಎಂದರೆ ಕಿಟಕಿ ಮುಚ್ಚಿ ಅಯಸ್ಕಾಂತ ಹತ್ತಿರವಿರುವ ಸ್ಥಿತಿ. ಮೂರು ಸ್ಕ್ರೂ ಇರುವ ಸೆನ್ಸರ್‌ಗಳಲ್ಲಿ ತಯಾರಕರು ಯಾವ ಲೆಕ್ಕ ಹಿಡಿದಿದ್ದಾರೆ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಅಯಸ್ಕಾಂತ ಹತ್ತಿರ ತಂದಾಗ ಯಾವ ಜೋಡಿ ಬೀಪ್ ಎನ್ನುತ್ತದೋ, ದೂರ ಒಯ್ದಾಗ ನಿಲ್ಲುತ್ತದೋ, ಆ ಎರಡನ್ನು ಬಳಸಿ.

ಮುಂದಿನದು ರೆಸಿಸ್ಟರ್. ಪ್ಯಾನೆಲ್ (ಅಲಾರಂನ ನಿಯಂತ್ರಣ ಪೆಟ್ಟಿಗೆ) ಜೊತೆ ಬರುವ ಎಂಡ್ ಆಫ್ ಲೈನ್ ರೆಸಿಸ್ಟರ್ (ವೈರು ಕೊನೆಯವರೆಗೂ ಸರಿಯಿದೆಯೇ ಎಂದು ಪ್ಯಾನೆಲ್ಲಿಗೆ ತಿಳಿಸುವ ಬಿಡಿಭಾಗ), 2.2 ಕಿಲೋ ಓಮ್ ಎಂದುಕೊಳ್ಳಿ, ಹಾಕಬೇಕಾದದ್ದು ಕೊನೆಯ ಕಿಟಕಿಯ ಸೆನ್ಸರ್ ಒಳಗೆ, ಸ್ವಿಚ್ಚಿನ ಜೊತೆ ಸಾಲಿನಲ್ಲಿ. ಸುಲಭವೆಂದು ಪ್ಯಾನೆಲ್‌ನಲ್ಲೇ ಸಿಕ್ಕಿಸುವವರು ಬಹಳ. ದಾರಿಯಲ್ಲಿ ವೈರು ಒಂದಕ್ಕೊಂದು ತಾಗಿದರೂ ಆಗ ಪ್ಯಾನೆಲ್ಲಿಗೆ 2.2 ಕಿಲೋ ಓಮೇ ಕಾಣುತ್ತದೆ. ಕಿಟಕಿ ತೆರೆದರೂ ‘ಎಲ್ಲ ಸರಿ’ ಎಂದೇ ತೋರಿಸುತ್ತದೆ.

ಒಂದು ಜೋನ್‌ಗೆ (ಪ್ಯಾನೆಲ್ಲಿಗೆ ಹೋಗುವ ಒಂದು ಜೋಡಿ ವೈರಿಗೆ) ಮೂರು ಕಿಟಕಿ ಇದ್ದರೆ ಮೂರೂ ಸಾಲಿನಲ್ಲಿ, ರೆಸಿಸ್ಟರ್ ಒಂದೇ. ಎಲ್ಲ ಮುಚ್ಚಿ, ಪ್ಯಾನೆಲ್‌ನಿಂದ ಆ ಎರಡು ವೈರು ಬಿಚ್ಚಿ ಅಳೆಯಿರಿ. ಸುಮಾರು 2.2 ಬಂದರೆ ಸರಿ. 4.4 ಬಂದರೆ ಎರಡು ಸೆನ್ಸರಿಗೆ ರೆಸಿಸ್ಟರ್ ಬಿದ್ದಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್, ಇಲ್ಲವೇ ರೆಸಿಸ್ಟರ್ ಹಾಕುವುದೇ ಮರೆತಿದೆ. ಏನೂ ತೋರಿಸದಿದ್ದರೆ ಕಡಿತ, ಅಥವಾ ಒಂದು ಸಂದು ದೊಡ್ಡದಾಗಿದೆ. ಆಮೇಲೆ ಒಂದೊಂದೇ ಕಿಟಕಿ ತೆರೆದು, ಪ್ರತಿ ಸಲವೂ ಮೀಟರ್ ಖಾಲಿಯಾಗುವುದನ್ನು ನೋಡಿ.

ಮರದ ಕಿಟಕಿ, ತೆಗೆಯುವುದು

ಹೊಸ ಹಲಸು, ಸಾಗುವಾನಿ ಕಿಟಕಿಗೆ ಸ್ಕ್ರೂ ಹಾಕಬಹುದು, ಆದರೆ ಮೊದಲು 2 ಮಿ.ಮೀ. ಬಿಟ್‌ನಲ್ಲಿ ದಾರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅಂಚು ಸೀಳುತ್ತದೆ. ಎಣ್ಣೆ ಪಾಲಿಶ್ ಮೇಲೆ ಟೇಪ್ ನಿಲ್ಲುವುದಿಲ್ಲ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಆದ್ದರಿಂದ ಜುಲೈಯಲ್ಲಿ ಹಾಕಿದ್ದರ ಸಂದನ್ನು ಏಪ್ರಿಲ್‌ನಲ್ಲಿ ಮತ್ತೆ ಅಳೆಯಿರಿ.

ಅಂಟಿಸಿದ್ದನ್ನು ತೆಗೆಯಲು ಚಾಕು ಹಾಕಬೇಡಿ. ಸ್ವಲ್ಪ ಬಿಸಿ ಮಾಡಿ, ಮೀನಿನ ಗಾಳದ ನೈಲಾನ್ ದಾರವನ್ನು ಟೇಪಿನ ಹಿಂದೆ ಗರಗಸದಂತೆ ಆಡಿಸಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಟಿ ತೆಗೆಯಿರಿ. ಯುಪಿವಿಸಿಗೆ ಥಿನ್ನರ್, ಅಸಿಟೋನ್ ತಾಗಿಸಿದರೆ ಮೇಲ್ಮೈ ಮೆತ್ತಗಾಗಿ ಕಲೆ ಉಳಿಯುತ್ತದೆ.