ಆಂಟಿಸಿಡೆಂಟ್: ‘ಹಿ’, ‘ಶಿ’, ‘ದೇ’ ಯಾವುದನ್ನು ನೋಡಿ ಬರೆಯಬೇಕು?

ಚಿತ್ರದುರ್ಗದ ಮಕ್ಕಳು ಮದಕರಿ ನಾಯಕರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಒಂದು ಸಾಲು ಹೀಗಿರುವುದುಂಟು: ‘ಮದಕರಿ ನಾಯಕ ವಾಸ್ ಎ ಬ್ರೇವ್ ಕಿಂಗ್. ಇನ್ 1779 ದೇ ಲಾಸ್ಟ್ ದ ಫೋರ್ಟ್ ಟು ಹೈದರ್ ಅಲಿ.’ ಇಸವಿ ಸರಿ, ಚರಿತ್ರೆಯೂ ಸರಿ. ‘ದೇ’ ಮಾತ್ರ ತಪ್ಪು. ಅಲ್ಲಿ ‘ಹಿ’ ಬರಬೇಕು.

ಸರ್ವನಾಮ ಯಾವ ಹೆಸರಿನ ಬದಲಿಗೆ ಬಂದಿದೆಯೋ ಆ ಹೆಸರೇ ಆಂಟಿಸಿಡೆಂಟ್. ಇಲ್ಲಿ ಅದು ಮದಕರಿ ನಾಯಕ. ಒಬ್ಬರೋ ಹಲವರೋ, ಗಂಡೋ ಹೆಣ್ಣೋ, ವಸ್ತುವೋ ಅಂತ ನೋಡಿಕೊಂಡು ಅದಕ್ಕೆ ಹೊಂದುವ ಸರ್ವನಾಮ ಹಾಕಬೇಕು. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಪ್ರೊನೌನ್ ಅಗ್ರಿಮೆಂಟ್ ಅನ್ನುತ್ತಾರೆ.

ನಮ್ಮ ಮಕ್ಕಳು ಎಡವುವುದು ದಡ್ಡತನದಿಂದಲ್ಲ. ಕನ್ನಡದ ‘ಅವರು’ ಎರಡು ಕೆಲಸ ಮಾಡುತ್ತದೆ. ಹಲವರಿಗೂ ಅವರು, ಗೌರವ ಕೊಡಬೇಕಾದ ಒಬ್ಬರಿಗೂ ಅವರು. ಹೆಡ್‌ಮಾಸ್ಟರು ‘ಬಂದರು’, ಸ್ವಾಮೀಜಿ ‘ಬಂದರು’. ಹಾಗಾಗಿ ಹೆಡ್‌ಮಾಸ್ಟರಿಗೆ ‘ಹಿ’ ಅಂದರೆ ಏಕವಚನದಲ್ಲಿ ಮಾತಾಡಿದ ಹಾಗೆ ಅನ್ನಿಸುತ್ತದೆ. ಆ ಸಂಕೋಚ ಒಳ್ಳೆಯದೇ. ಆದರೆ ಇಂಗ್ಲಿಷಿನ ‘ಹಿ’, ‘ಶಿ’ಗಳಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ರಾಜನಿಗೂ ‘ಹಿ’, ಕೋಟೆ ಕಾಯುವವನಿಗೂ ‘ಹಿ’. ಮೇಷ್ಟ್ರು ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಸುಮ್ನೆ ಕೆಂಪು ಗೆರೆ ಎಳೆದರೆ ಮಗುವಿಗೆ ತಪ್ಪು ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಇನ್ನೊಂದು ತೊಡಕು ನಮ್ಮ ‘ತನ್ನ’. ‘ಓಬವ್ವ ತನ್ನ ಗಂಡನಿಗೆ ಊಟ ಬಡಿಸಿದಳು’ ಅನ್ನುವಾಗ ‘ತನ್ನ’ದಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಇಂಗ್ಲಿಷಿಗೆ ಬಂದಾಗ ಆ ಗುರುತು ಬೇಕು. ಮುಂದಿರುವ ‘ಹಸ್ಬೆಂಡ್’ ನೋಡಿ ಕೆಲವರು ‘ಹಿಸ್ ಹಸ್ಬೆಂಡ್’ ಬರೆದುಬಿಡುತ್ತಾರೆ. ಆಂಟಿಸಿಡೆಂಟ್ ಓಬವ್ವ, ಆದ್ದರಿಂದ ‘ಹರ್ ಹಸ್ಬೆಂಡ್’. ಯಾರ ಗಂಡ ಅನ್ನುವುದಷ್ಟೇ ಇಲ್ಲಿ ಲೆಕ್ಕ.

‘ಈಚ್’ ಬಂದರೆ ಏಕವಚನ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳ ಬಗ್ಗೆ ಬರೆಯುವಾಗ ‘ಈಚ್ ಆಫ್ ದ ಹೋಟೆಲ್ಸ್ ಹ್ಯಾಸ್ ಇಟ್ಸ್ ಓನ್ ಚಟ್ನಿ’ ಅನ್ನಬೇಕು. ಪಕ್ಕದಲ್ಲೇ ‘ಹೋಟೆಲ್ಸ್’ ಇದೆಯಲ್ಲ ಅಂತ ‘ದೇರ್’ ಹಾಕುವ ಹಾಗಿಲ್ಲ. ‘ಆಂಡ್’ ಇಬ್ಬರನ್ನು ಸೇರಿಸಿದರೆ ‘ದೇ’. ‘ಆರ್’, ‘ನಾರ್’ ಇದ್ದರೆ ಹತ್ತಿರದ ಹೆಸರನ್ನು ನೋಡಿ.

ಜಾಸ್ತಿ ಚರ್ಚೆ ನಡೆದಿರುವುದು ‘ಎವ್ರಿವನ್’ ಬಗ್ಗೆ. ಹಳೆಯ ವ್ಯಾಕರಣದವರು ಅದಕ್ಕೆ ‘ಹಿಸ್’ ಹಾಕಿಸುತ್ತಿದ್ದರು, ಅದರಲ್ಲೇ ಹೆಂಗಸರೂ ಸೇರಿದರು ಅನ್ನುತ್ತಿದ್ದರು. ನಮ್ಮ ದೇಶದ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 13ನೇ ಸೆಕ್ಷನ್ ಕೂಡ ಕಾನೂನಿನ ಪುಲ್ಲಿಂಗ ಪದಗಳಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತದೆ. ಆದರೆ ಇಂಗ್ಲಿಷ್ ಜನ 14ನೇ ಶತಮಾನದಿಂದಲೇ ಇಂಥ ಕಡೆ ‘ದೇರ್’ ಬಳಸಿದ್ದಾರೆ. 2019ರಲ್ಲಿ ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದ ಅಂತ ಆರಿಸಿತು. ನನಗೂ ‘ದೇರ್’ ಸರಿ ಅನ್ನಿಸುತ್ತದೆ. ‘ಪ್ರತಿಯೊಬ್ಬರೂ ತಮ್ಮ ಹಾಲ್ ಟಿಕೆಟ್ ತರಬೇಕು’ ಅಂತ ನಾವೂ ಹೇಳುತ್ತೇವೆ, ಅಲ್ವಾ?

ಹಾಗಾದರೆ ಹೆಡ್‌ಮಾಸ್ಟರಿಗೂ ‘ದೇ’ ನಡೆಯುತ್ತದಾ? ಬರೀ ಗೌರವಕ್ಕಾಗಿಯಾದರೆ ಇಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದ, ಯಾರೂ ಆಗಬಹುದಾದ ಒಬ್ಬರಿಗೆ ಆ ‘ದೇ’. ಯಾರಾದರೂ ತಮಗೆ ‘ದೇ’ ಬಳಸಿ ಅಂತ ಹೇಳಿದರೆ ಅವರಿಗೂ ಅದೇ.

ಪರೀಕ್ಷೆಯಲ್ಲಿ ಪೇಪರ್ ತಿದ್ದುವವರು ಹಳೆಯ ನಿಯಮವನ್ನೇ ಹಿಡಿಯಬಹುದು ಅನ್ನುವ ಭಯವಿದ್ದರೆ ವಾಕ್ಯವನ್ನೇ ಬಹುವಚನ ಮಾಡಿಬಿಡಿ: ‘ಆಲ್ ಸ್ಟೂಡೆಂಟ್ಸ್ ಮಸ್ಟ್ ಬ್ರಿಂಗ್ ದೇರ್ ಹಾಲ್ ಟಿಕೆಟ್ಸ್.’ ಇದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.