ಬೆಳವಣಿಗೆಗೆ ತಕ್ಕ ಕಲಿಕೆ: ಪುಟ್ಟ ಮಕ್ಕಳಿಗೆ ಆಟವೇ ಪಾಠ ಆಗುವುದು ಹೇಗೆ?

4 ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಹೇಳುತ್ತದೆ. ಮನೆಯವರಿಗೆಲ್ಲ ಖುಷಿ. ಈಗ ಅದೇ ಮಗುವಿನ ಮುಂದೆ ಏಳು ಗುಂಡಿಗಳನ್ನು ಇಟ್ಟು ‘ಎಷ್ಟಿವೆ?’ ಅಂತ ಕೇಳಿ. ಒಂದೇ ಗುಂಡಿಯನ್ನು ಎರಡು ಸಲ ಮುಟ್ಟಬಹುದು. ಇನ್ನೊಂದನ್ನು ಎಣಿಸದೆ ದಾಟಿಹೋಗಬಹುದು. ಸರಿಯಾಗಿ ಏಳರವರೆಗೆ ಎಣಿಸಿ ಮುಗಿಸಿದ ಮೇಲೂ ‘ಹಾಗಾದ್ರೆ ಒಟ್ಟು ಎಷ್ಟು?’ ಅಂದರೆ ಮತ್ತೆ ಒಂದರಿಂದ ಶುರು ಮಾಡಬಹುದು. ಎಣಿಸುವಾಗ ಕೊನೆಗೆ ಬಂದ ಸಂಖ್ಯೆಯೇ ಒಟ್ಟು ಲೆಕ್ಕ ಅನ್ನುವುದು ಅದಕ್ಕೆ ಇನ್ನೂ ಹೊಳೆದಿಲ್ಲ, ಅಷ್ಟೆ. ಮಗು ದಡ್ಡ ಅಲ್ಲ. ಸಂಖ್ಯೆಗಳ ಹೆಸರು ಬಾಯಿಗೆ ಬಂದಿದೆ, ಸಂಖ್ಯೆ ಇನ್ನೂ ಕೈಗೆ ಬಂದಿಲ್ಲ.

ಈ ಮಗುವಿಗೆ ಐವತ್ತರವರೆಗೆ ಬಾಯಿಪಾಠ ಮಾಡಿಸಿ ಏನು ಪ್ರಯೋಜನ? ಅದರ ಬದಲು ಗೊಂಬೆಗಳನ್ನು ಸಾಲಾಗಿ ಕೂರಿಸಿ, ಒಂದೊಂದಕ್ಕೂ ಒಂದೊಂದು ಬಟ್ಟಲು ಇಡುವ ಆಟ ಆಡಿಸಿ. ಕೊನೆಯ ಗೊಂಬೆಗೆ ಬಟ್ಟಲು ಇಲ್ಲದಾಗ ‘ಇನ್ನೊಂದು ಬೇಕು’ ಅಂತ ಮಗುವೇ ಹೇಳುತ್ತದೆ. ಒಂದಕ್ಕೊಂದು ಹೊಂದಿಸುವುದು, ಕಡಿಮೆ ಬಿದ್ದಿದೆ ಎಂದು ತಿಳಿಯುವುದು, ಎರಡೂ ಅಲ್ಲೇ ನಡೆದುಹೋಯಿತು. ಹೀಗೆ ಮಗು ತನ್ನ ಬೆಳವಣಿಗೆಯಲ್ಲಿ ಎಲ್ಲಿದೆಯೋ ಅಲ್ಲಿಂದಲೇ ಶುರು ಮಾಡಿ, ಆಟ, ಮಾತು, ಮುಟ್ಟಿ ನೋಡುವ ಕುತೂಹಲ ಇವುಗಳ ಮೂಲಕವೇ ಮುಂದಿನ ಹೆಜ್ಜೆಗೆ ಕರೆದೊಯ್ಯುವುದನ್ನು ‘ಬೆಳವಣಿಗೆಗೆ ತಕ್ಕ ಕಲಿಕೆ’ ಎನ್ನುತ್ತಾರೆ. ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೂ ಈ ಮಾತು ಸಲ್ಲುತ್ತದೆ. ಇಲ್ಲಿ 3ರಿಂದ 6 ವರ್ಷದವರ ಬಗ್ಗೆ ಮಾತ್ರ ಹೇಳುತ್ತೇನೆ.

ಯೋಚನೆ ಹಳೆಯದು. ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, ಚೆಂಡು ಮತ್ತು ಮರದ ತುಂಡುಗಳನ್ನೇ ಕಲಿಕೆಯ ಸಾಮಾನು ಮಾಡಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ಶುರು ಮಾಡಿದರು. ಆದರೆ ‘ಬೆಳವಣಿಗೆಗೆ ತಕ್ಕ ಕಲಿಕೆ’ ಎಂಬ ಪದ ಶಿಕ್ಷಕರ ನಡುವೆ ಹೆಚ್ಚು ಓಡಾಡತೊಡಗಿದ್ದು 1987ರಲ್ಲಿ ಅಮೆರಿಕದ ಶಿಶುಶಿಕ್ಷಣ ಸಂಘ ಎನ್‌ಎಇವೈಸಿ ಒಂದು ಮಾರ್ಗಸೂಚಿ ಹೊರತಂದ ಮೇಲೆ. ಒಂದನೇ ತರಗತಿಯ ಓದು, ಬರಹ, ಹಾಳೆ ತುಂಬಿಸುವ ಕೆಲಸವೆಲ್ಲ ಕೆಳಗಿಳಿದು 4 ವರ್ಷದವರ ಮೇಜಿಗೆ ಬರುತ್ತಿದ್ದ ಕಾಲ ಅದು. ಅದನ್ನು ತಡೆಯಲು ಹುಟ್ಟಿದ ಮಾರ್ಗಸೂಚಿ ಇದು. ಆಮೇಲೆ ಕೆಲವು ಸಲ ತಿದ್ದಿದ್ದಾರೆ, 2020ರಲ್ಲಿ ಕೂಡ.

‘ತಕ್ಕ’ ಅಂದರೆ ಯಾವುದಕ್ಕೆ ತಕ್ಕ? ವಯಸ್ಸಿಗೆ ತಕ್ಕ ಅಂತ ಸುಮ್ನೆ ಹೇಳಿಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಏನು ಮಾಡಬಲ್ಲರು ಎನ್ನುವುದು ಮೊದಲ ಪ್ರಶ್ನೆ. ಎದುರಿಗಿರುವ ಈ ಒಂದು ಮಗುವಿಗೆ ಏನು ಬರುತ್ತದೆ, ಏನು ಇಷ್ಟ, ಯಾವುದಕ್ಕೆ ಅಂಜುತ್ತದೆ ಎನ್ನುವುದು ಎರಡನೆಯದು. ಮಗುವಿನ ಮನೆಯಲ್ಲಿ ಯಾವ ಭಾಷೆ, ಎಂಥ ರೂಢಿ ಎನ್ನುವುದು ಮೂರನೆಯದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗು ಮೊದಮೊದಲು ತರಗತಿಯಲ್ಲಿ ಬಾಯೇ ಬಿಡದೆ ಇರಬಹುದು. ಅದಕ್ಕೆ ಏನೂ ತಿಳಿಯುವುದಿಲ್ಲ ಎಂದುಕೊಂಡರೆ ದೊಡ್ಡ ಅನ್ಯಾಯ. ಅದು ಕೇಳಿಸಿಕೊಳ್ಳುತ್ತಿದೆ, ಜೋಡಿಸಿಕೊಳ್ಳುತ್ತಿದೆ.

ಬರೆಯುವ ವಿಷಯಕ್ಕೆ ಬರೋಣ. ಅತಿ ಹೆಚ್ಚು ಒತ್ತಾಯ ನಡೆಯುವುದು ಇಲ್ಲೇ. 4 ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಎಂಟು ಮೂಳೆಗಳೂ ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಕೆಲವು ಮೆದು ಮೂಳೆಯಾಗಿಯೇ ಇರುತ್ತವೆ. ಅದಕ್ಕಿಂತ ಮುಖ್ಯ ಸ್ನಾಯುಗಳ ಹಿಡಿತ. ಅದು ಭುಜದಿಂದ ಶುರುವಾಗಿ ಮೊಣಕೈ, ಮಣಿಕಟ್ಟು ದಾಟಿ ಕೊನೆಗೆ ಬೆರಳ ತುದಿಗೆ ಬರುತ್ತದೆ. ಹತ್ತುವುದು, ನೇತಾಡುವುದು, ಚೆಂಡು ಎಸೆಯುವುದು ಭುಜಕ್ಕೆ ಬಲ ಕೊಡುತ್ತವೆ. ಜೇಡಿಮಣ್ಣು ನಾದುವುದು, ನೆನೆದ ಬಟ್ಟೆ ಹಿಂಡುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು ಬೆರಳಿಗೆ. ಇವೆಲ್ಲ ಬರವಣಿಗೆಯ ಪಾಠಗಳೇ. ಪೆನ್ಸಿಲ್ ಮಾತ್ರ ಕಾಣುವುದಿಲ್ಲ. ಇಷ್ಟು ಆಗದೆ ಸಾಲಿನೊಳಗೆ ಅಕ್ಷರ ತಿದ್ದಿಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತದೆ, ಕೈ ನೋಯುತ್ತದೆ, ಬರೆಯುವುದೆಂದರೆ ಬೇಸರ ಹುಟ್ಟುತ್ತದೆ. ಅಕ್ಷರ, ಅಂಕಿಗಳನ್ನು ತಿರುಗಿಸಿ ಬರೆಯುವುದಂತೂ ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ. ಅದಕ್ಕೆ ಕೆಂಪು ಗೆರೆ ಎಳೆಯುವ ಅಗತ್ಯವೇ ಇಲ್ಲ.

ಇನ್ನು ಆಟ. ಎಲ್ಲ ಚಟುವಟಿಕೆಯೂ ಆಟವಲ್ಲ. ಬಣ್ಣಬಣ್ಣದ ಹಾಳೆಯ ಮೇಲೆ ಮುದ್ದಾದ ಪ್ರಾಣಿಯ ಚಿತ್ರ ಹಾಕಿ, ಕೆಳಗೆ ಅದೇ ಅಕ್ಷರವನ್ನು ಹತ್ತು ಸಲ ಬರೆಯಲು ಕೊಟ್ಟರೆ ಅದು ಆಟವಾಗುವುದಿಲ್ಲ. ಆಟದಲ್ಲಿ ಮಗುವಿಗೆ ಆಯ್ಕೆ ಇರಬೇಕು. ಅರ್ಧದಲ್ಲಿ ನಿಯಮ ಬದಲಿಸುವ ಸ್ವಾತಂತ್ರ್ಯ ಬೇಕು. ತಪ್ಪಾದರೆ ಬೈಗುಳ ಬೀಳುತ್ತದೆ ಎಂಬ ಭಯ ಇರಬಾರದು. ಮರದ ತುಂಡುಗಳಿಂದ ಗೋಪುರ ಕಟ್ಟುವ ಮಗುವನ್ನು ಸ್ವಲ್ಪ ಹೊತ್ತು ನೋಡಿ. ಬಿತ್ತು. ಮತ್ತೆ ಕಟ್ಟಿತು, ಮತ್ತೆ ಬಿತ್ತು. ಈ ಸಲ ಕೆಳಗೆ ಅಗಲದ ತುಂಡು ಇಟ್ಟಿತು. ಯಾರೂ ಹೇಳಿಕೊಡದೆ ಊಹೆ ಮಾಡಿ, ಪರೀಕ್ಷಿಸಿ, ತಿದ್ದಿಕೊಂಡಿತು ಅಲ್ವಾ?

ಹಾಗಂತ ದೊಡ್ಡವರು ಕೈಕಟ್ಟಿ ಕೂರಬೇಕು ಅಂತಲ್ಲ. ಮಗು ತಾನಾಗಿ ಆಡುವ ಆಟ ಒಂದು ಕಡೆ, ಶಿಕ್ಷಕರು ಹೇಳಿ ಮಾಡಿಸುವ ಪಾಠ ಇನ್ನೊಂದು ಕಡೆ. ಇವೆರಡರ ನಡುವೆ ‘ಜೊತೆಗೂಡಿದ ಆಟ’ ಇದೆ. ಸಾಮಾನು ಹೊಂದಿಸಿ ಇಡುವುದು ದೊಡ್ಡವರ ಕೆಲಸ, ಆಟದ ಲಗಾಮು ಮಗುವಿನ ಕೈಯಲ್ಲಿ. ಡಾಕ್ಟರ್ ಆಟ ಆಡುತ್ತಿರುವವರ ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟು ‘ಔಷಧ ಬರೆದುಕೊಡಿ ಡಾಕ್ಟ್ರೇ’ ಅಂದರೆ ಸಾಕು. ಮಗು ಏನೋ ಗೀಚುತ್ತದೆ. ಮಾತನ್ನು ಕಾಗದದ ಮೇಲೆ ಇಡಬಹುದು ಎಂಬ ದೊಡ್ಡ ಸಂಗತಿ ಆ ಗೀಚಿನಲ್ಲಿದೆ. ಡಾಕ್ಟರ್ ಆದವರು ಓಡಾಡಬಾರದು, ರೋಗಿ ತನ್ನ ಸರದಿಗೆ ಕಾಯಬೇಕು. ಹೇಳಿದರೆ ಒಂದು ನಿಮಿಷ ಸುಮ್ಮನಿರದ ಮಗು, ಪಾತ್ರಕ್ಕಾಗಿ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ ನಟನೆಯ ಆಟಕ್ಕೆ ಅಷ್ಟೊಂದು ಬೆಲೆ ಕೊಟ್ಟಿದ್ದು ಇದಕ್ಕೇ.

ಅವರದೇ ಇನ್ನೊಂದು ಮಾತು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸುತ್ತದೆ. ಬೆಳವಣಿಗೆಗೆ ತಕ್ಕದ್ದು ಅಂದರೆ ಸುಲಭದ್ದು ಎಂದು ಹಲವರು ಅಂದುಕೊಳ್ಳುತ್ತಾರೆ. ಮಗು ಒಬ್ಬಂಟಿಯಾಗಿ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಜಾಗವಿದೆ, ಕಲಿಕೆ ನಡೆಯುವುದು ಅಲ್ಲಿ ಎಂದರು ವೈಗೋಟ್ಸ್ಕಿ. ಆರು ತುಂಡಿನ ಚಿತ್ರ ಜೋಡಿಸಿ ಬೇಸರಗೊಂಡ ಮಗುವಿಗೆ ಹನ್ನೆರಡರದ್ದು ಕೊಡಬೇಕು. ನೂರರದ್ದು ಕೊಟ್ಟರೆ ಎದ್ದು ಹೋಗುತ್ತದೆ. 4 ವರ್ಷಕ್ಕೇ ತಾನಾಗಿ ಓದಲು ಕಲಿತ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಕೆಂದೂ ಯಾರೂ ಹೇಳಿಲ್ಲ. ಅಕ್ಷರಕ್ಕೆ ಇಲ್ಲಿ ಬಹಿಷ್ಕಾರವಿಲ್ಲ. ಪ್ರಾಸದ ಹಾಡು, ಗಟ್ಟಿಯಾಗಿ ಓದಿ ಹೇಳಿದ ಕಥೆ, ಚೀಲದ ಮೇಲೆ ಬರೆದ ಸ್ವಂತ ಹೆಸರು, ಎಲ್ಲವೂ ಅಕ್ಷರದ ಕಡೆಗೇ ಕರೆದೊಯ್ಯುತ್ತವೆ.

ಹಂಚಿಕೊಳ್ಳುವ ವಿಷಯದಲ್ಲೂ ನಾವು ತುಂಬಾ ಅವಸರ ಮಾಡುತ್ತೇವೆ. 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ಮಕ್ಕಳು ಆಡುವುದನ್ನು ಗಮನಿಸಿ, ಅದು ಬೆಳೆಯುವ ರೀತಿಯನ್ನು ವಿವರಿಸಿದರು. ಚಿಕ್ಕವರು ಒಬ್ಬರೇ ಆಡುತ್ತಾರೆ. ಆಮೇಲೆ ಅಕ್ಕಪಕ್ಕ ಕೂತು, ಒಬ್ಬರಿಗೊಬ್ಬರು ಸೇರದೆ, ಒಂದೇ ಥರದ ಆಟ ಆಡುತ್ತಾರೆ. ಕೂಡಿ ಆಡುವುದು, ಕೆಲಸ ಹಂಚಿಕೊಂಡು ಆಡುವುದು ಬರಬರುತ್ತಾ ಬರುತ್ತದೆ. 3 ವರ್ಷದ ಇಬ್ಬರು ಬೆನ್ನು ತಿರುಗಿಸಿ ಮರಳಾಟ ಆಡುತ್ತಿದ್ದರೆ ಅವರ ನಡುವೆ ಜಗಳವೇನೂ ಇಲ್ಲ. ಒಂದೇ ಥರದ ಎರಡು ಬಕೆಟ್ ಇಟ್ಟರೆ ಅಷ್ಟೇ ಸಾಕು.

ಶಾಲೆ ಹುಡುಕುವ ಅಪ್ಪ ಅಮ್ಮಂದಿರು ಪುಸ್ತಕಗಳ ಪಟ್ಟಿಗಿಂತ ಮೊದಲು ತರಗತಿಯ ನೆಲವನ್ನು ನೋಡಲಿ ಎಂದು ನನ್ನ ಕೋರಿಕೆ. ಕೂತು, ಹರಡಿಕೊಂಡು ಆಡಲು ಜಾಗ ಇದೆಯಾ? ಸಾಮಾನು ಮಕ್ಕಳ ಕೈಗೆ ಎಟುಕುತ್ತದಾ? ಹೊರಗೆ ಓಡಾಡಲು ದಿನಾ ಬಿಡುತ್ತಾರಾ? ಶಿಕ್ಷಕರು ನೆಲದ ಮೇಲೆ ಮಕ್ಕಳ ಜೊತೆ ಕೂರುತ್ತಾರಾ? ‘ಇದು ಯಾವ ಬಣ್ಣ?’ ಎಂಬಂಥ ಒಂದೇ ಉತ್ತರದ ಪ್ರಶ್ನೆಗಳಷ್ಟೇ ಕೇಳಿಸುತ್ತವೆಯಾ, ಅಥವಾ ‘ಇದನ್ನು ಹೇಗೆ ಕಟ್ಟಿದೆ, ಹೇಳು’ ಎಂಬ ಮಾತೂ ಬರುತ್ತದಾ?

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಬೆಳೆಯುತ್ತಾರೆ, ನಿಜ. ಆದರೆ 3 ವರ್ಷ ದಾಟಿದ ಮಗು ಎರಡು ಮೂರು ಪದ ಕೂಡಿಸಿ ಮಾತಾಡದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಮೊದಲು ಬರುತ್ತಿದ್ದ ಮಾತು ನಿಂತುಹೋದರೆ ‘ತಾನಾಗೇ ಸರಿಹೋಗುತ್ತೆ’ ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ನೆರವು ಬೇಗ ಸಿಕ್ಕಷ್ಟೂ ಮಗುವಿಗೆ ಒಳ್ಳೆಯದು.