ಬಯೋಚಾರ್ ಬಳಸಿ ನೀರಿನ ಫಾಸ್ಫೇಟ್ ತೆಗೆಯುವುದು: ತಯಾರಿ, ಪರೀಕ್ಷೆ, ಲೆಕ್ಕ

ಮನೆಬಳಕೆಯ ಕೊಳಚೆಯಲ್ಲಿ ಲೀಟರಿಗೆ ಸುಮಾರು 5ರಿಂದ 10 ಮಿ.ಗ್ರಾಂ ರಂಜಕ ಇರುತ್ತದೆ. ಕೆರೆಯಲ್ಲಿ ಪಾಚಿ ಹಬ್ಬಲು 0.1 ಮಿ.ಗ್ರಾಂ ಇದ್ದರೂ ಸಾಕು. ಬೆಳ್ಳಂದೂರು, ವರ್ತೂರಿನಂಥ ಕೆರೆಗಳಿಗೆ ವರ್ಷಗಟ್ಟಲೆ ಕೊಳಚೆ, ಸೋಪಿನ ನೀರು ಹರಿದ ಮೇಲೆ ಅಂತರಗಂಗೆ ಯಾಕೆ ಹಾಗೆ ಬೆಳೆಯುತ್ತದೆ ಎನ್ನುವುದಕ್ಕೆ ಈ ಎರಡು ಅಂಕಿಗಳೇ ಉತ್ತರ. ಸಾಮಾನ್ಯ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಾವಯವ ಕೊಳೆಯನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ರಂಜಕದ ಬಹುಪಾಲು ಹಾಗೇ ದಾಟಿ ಹೋಗುತ್ತದೆ. ನೀರಿನಲ್ಲಿ ಹೆಚ್ಚಾಗಿ ಫಾಸ್ಫೇಟ್ ರೂಪದಲ್ಲಿರುವ ಈ ಉಳಿಕೆಯನ್ನು ಹಿಡಿಯಲು ಬಯೋಚಾರ್ (ಬೆಳೆ ತ್ಯಾಜ್ಯದಂಥದ್ದನ್ನು ಗಾಳಿ ತಾಗದಂತೆ ಸುಟ್ಟು ಮಾಡಿದ ಇದ್ದಿಲು, ಚುಟುಕಾಗಿ ಚಾರ್) ಬಳಸುವುದು ಹೇಗೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲಿಗೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಬರೀ ಇದ್ದಿಲು ಫಾಸ್ಫೇಟನ್ನು ಹಿಡಿಯುವುದಿಲ್ಲ. ತಟಸ್ಥ ನೀರಿನಲ್ಲಿ ಇದ್ದಿಲಿನ ಮೇಲ್ಮೈಗೆ ಋಣ ಆವೇಶ, ಫಾಸ್ಫೇಟಿಗೂ ಋಣ ಆವೇಶ. ಒಂದು ಇನ್ನೊಂದನ್ನು ತಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಗೊಬ್ಬರ ಅಥವಾ ಬೆಳೆ ತ್ಯಾಜ್ಯದಿಂದ ಮಾಡಿದ ಇದ್ದಿಲಿನ ಬೂದಿಯಲ್ಲೇ ರಂಜಕ ಇರುತ್ತದೆ; ನೀರಿಗೆ ಹಾಕಿದರೆ ಅದು ಕರಗಿ ಹೊರಬರುತ್ತದೆ. ಚೀಲ ತಂದು ಕಾಲುವೆಗೆ ಇಳಿಬಿಟ್ಟಾಗ ರಂಜಕ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಅಮೋನಿಯಂ ವಿಷಯ ಬೇರೆ. ಅದಕ್ಕೆ ಧನ ಆವೇಶ ಇರುವುದರಿಂದ ಬರೀ ಇದ್ದಿಲೂ ಸ್ವಲ್ಪ ಹಿಡಿಯುತ್ತದೆ. ಅದಕ್ಕೆ 350–450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟದ್ದು ಒಳ್ಳೆಯದು, ಏಕೆಂದರೆ ಅಯಾನು ವಿನಿಮಯ ಮಾಡುವ ಆಮ್ಲಜನಕದ ಗುಂಪುಗಳು ಹೆಚ್ಚಿನ ಶಾಖದಲ್ಲಿ ಉದುರಿಹೋಗುತ್ತವೆ.

ಫಾಸ್ಫೇಟಿಗೆ ಇದ್ದಿಲಿನ ಮೇಲೆ ಲೋಹ ಕೂರಿಸಬೇಕು. ಮೆಗ್ನೀಸಿಯಂ ಆಕ್ಸೈಡಿನ ಮೇಲ್ಮೈ ಪಿಎಚ್ ಸುಮಾರು 12ರವರೆಗೂ ಧನ ಆವೇಶದಲ್ಲೇ ಇರುತ್ತದೆ, ಹಾಗಾಗಿ ಕೆರೆ ನೀರಿನಲ್ಲಿ ಫಾಸ್ಫೇಟನ್ನು ಸೆಳೆಯುತ್ತದೆ. ಕಬ್ಬಿಣದ ಲೇಪವೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಬ್ಬಿಣ ಫೆರಿಕ್ ರೂಪದಿಂದ ನೀರಿನಲ್ಲಿ ಕರಗುವ ಫೆರಸ್ ರೂಪಕ್ಕೆ ಇಳಿದು, ಹಿಡಿದ ಫಾಸ್ಫೇಟನ್ನು ಬಿಟ್ಟುಬಿಡುತ್ತದೆ. ಕೆರೆಯ ತಳಕ್ಕೆ ಕಬ್ಬಿಣದ ಚಾರ್ ಸುರಿಯುವ ಯೋಚನೆಯನ್ನು ಇದೊಂದೇ ಕಾರಣಕ್ಕೆ ಕೈಬಿಡಬೇಕು.

ಪ್ರಯೋಗಾಲಯದ ಅಳತೆಯಲ್ಲಿ ಮೆಗ್ನೀಸಿಯಂ ಚಾರ್ ಮಾಡುವ ಕ್ರಮ ಹೀಗೆ. ಒಣಗಿದ ಮೆಕ್ಕೆಜೋಳದ ದಿಂಡನ್ನು 2–4 ಮಿ.ಮೀ. ತುಂಡು ಮಾಡಿ 100 ಗ್ರಾಂ ತೆಗೆದುಕೊಳ್ಳಿ. ತೆಂಗಿನ ಚಿಪ್ಪು ಬೇಡ. ಗಟ್ಟಿಯಾದ್ದರಿಂದ ದ್ರಾವಣ ಒಳಗೆ ಇಳಿಯುವುದಿಲ್ಲ. 50 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು 250 ಮಿ.ಲೀ. ನೀರಿನಲ್ಲಿ ಕರಗಿಸಿ, ದಿಂಡನ್ನು ಅದರಲ್ಲಿ ನೆನೆಸಿಡಿ. ಉಳಿದ ದ್ರಾವಣ ಚೆಲ್ಲದೆ ಹಾಗೇ ಓವನ್‌ನಲ್ಲಿ 80–105 ಡಿಗ್ರಿಯಲ್ಲಿ ಒಣಗಿಸಿ, ಆಗ ಉಪ್ಪೆಲ್ಲ ದಿಂಡಿನಲ್ಲೇ ಉಳಿಯುತ್ತದೆ. ಮುಚ್ಚಳವಿರುವ ಮೂಸೆಯಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ, 600 ಡಿಗ್ರಿಯಲ್ಲಿ 1 ಗಂಟೆ ಇಡಿ. ಈ ಹಂತದಲ್ಲಿ ಕ್ಲೋರೈಡು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಹೊರಡುತ್ತದೆ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ಇದನ್ನು ಮಾಡಬಾರದು, ಫರ್ನೇಸಿನ ಕಾಯಿಲ್ ಕೂಡ ತುಕ್ಕು ಹಿಡಿಯುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ, ಬಿಸಿ ಇದ್ದಿಲಿಗೆ ಗಾಳಿ ತಾಕಿದರೆ ಕೆಂಡವಾಗಿ ಬೂದಿಯಾಗುತ್ತದೆ.

50 ಗ್ರಾಂ ಉಪ್ಪಿನಲ್ಲಿ ಮೆಗ್ನೀಸಿಯಂ ಇರುವುದು ಸುಮಾರು 6 ಗ್ರಾಂ, ಅದು ಪೂರ್ತಿ ಆಕ್ಸೈಡಾದರೆ 10 ಗ್ರಾಂ. ದಿಂಡಿನಿಂದ ಸುಮಾರು 30 ಗ್ರಾಂ ಇದ್ದಿಲು ಉಳಿದರೆ ಒಟ್ಟು 40 ಗ್ರಾಂ ಸಿಗಬೇಕು. ತೂಕ ಇದಕ್ಕಿಂತ ತುಂಬಾ ಕಡಿಮೆ ಬಂದರೆ ಗಾಳಿ ಒಳಹೊಕ್ಕಿದೆ ಎಂದು ತಿಳಿಯಿರಿ. ಆಮೇಲೆ ತೊಳೆದ ನೀರಿನ ವಿದ್ಯುತ್ ವಾಹಕತೆ ಇಳಿದು ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ತೊಳೆದು, ಒಣಗಿಸಿ, 0.5–1 ಮಿ.ಮೀ. ಜರಡಿ ಹಿಡಿಯಿರಿ.

ಪರೀಕ್ಷೆಗೆ 4.39 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು 1 ಲೀಟರ್‌ಗೆ ಕರಗಿಸಿದರೆ ಲೀಟರಿಗೆ 1000 ಮಿ.ಗ್ರಾಂ ರಂಜಕದ ಮೂಲದ್ರಾವಣ ಸಿಗುತ್ತದೆ. ಅದನ್ನು ದುರ್ಬಲಗೊಳಿಸಿ 1, 2, 5, 10, 20, 50 ಮಿ.ಗ್ರಾಂ ಮಾಡಿಕೊಳ್ಳಿ. ಪ್ರತಿ ಫ್ಲಾಸ್ಕಿಗೆ 100 ಮಿ.ಲೀ. ದ್ರಾವಣ, 0.1 ಗ್ರಾಂ ಚಾರ್, 24 ಗಂಟೆ ಅಲುಗಾಟ. ಎರಡು ಖಾಲಿ ಪರೀಕ್ಷೆ ಬಿಡಲೇಬಾರದು: ಚಾರ್ ಇಲ್ಲದ ಫಾಸ್ಫೇಟ್ ದ್ರಾವಣ, ಮತ್ತು ಫಾಸ್ಫೇಟ್ ಇಲ್ಲದ ನೀರಿನಲ್ಲಿ ಚಾರ್. ಎರಡನೆಯದೇ ಇದ್ದಿಲು ತಾನೇ ಎಷ್ಟು ರಂಜಕ ಬಿಡುತ್ತಿದೆ ಎಂದು ತೋರಿಸುತ್ತದೆ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮಾಲಿಬ್ಡಿನಂ ನೀಲಿ ವಿಧಾನದಲ್ಲಿ (ರಂಜಕ ಹೆಚ್ಚಿದ್ದಷ್ಟೂ ನೀಲಿ ಬಣ್ಣ ಗಾಢವಾಗುವ ವಿಧಾನ) ಸ್ಪೆಕ್ಟ್ರೋಫೋಟೋಮೀಟರಿನಿಂದ 880 ನ್ಯಾನೋಮೀಟರಿನಲ್ಲಿ ಓದಿ. ಗಾಜಿನ ಸಾಮಾನನ್ನು ಡಿಟರ್ಜೆಂಟಿನಲ್ಲಿ ತೊಳೆಯಬೇಡಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ. ಸೋಸಿದ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ, ಬಣ್ಣದ ಕಾರಕ ಹಾಕದ ಮಾದರಿಯ ಓದನ್ನೂ ತೆಗೆದು ಕಳೆಯಿರಿ.

ಹಿಡಿದ ಪ್ರಮಾಣ = (ಆರಂಭದ ಸಾಂದ್ರತೆ − ಕೊನೆಯ ಸಾಂದ್ರತೆ) × ಲೀಟರ್ ÷ ಚಾರ್‌ನ ಗ್ರಾಂ. 10 ಇದ್ದದ್ದು 4ಕ್ಕೆ ಇಳಿದರೆ ಗ್ರಾಂಗೆ 6 ಮಿ.ಗ್ರಾಂ. ಫಾಸ್ಫೇಟ್ ಎಂದು ಬರೆದ ಅಂಕಿಯನ್ನು ರಂಜಕಕ್ಕೆ ಬದಲಿಸಲು 3.07ರಿಂದ ಭಾಗಿಸಿ. ಇದನ್ನು ಮರೆತು ಹೋಲಿಸಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಪ್ರಬಂಧಗಳಲ್ಲಿ ಗ್ರಾಂಗೆ 100 ಮಿ.ಗ್ರಾಂ ದಾಟುವ ಅಂಕಿ ಕಂಡರೆ ಮೊದಲು ಆರಂಭದ ಸಾಂದ್ರತೆ ನೋಡಿ. ಲೀಟರಿಗೆ ನೂರಾರು ಮಿ.ಗ್ರಾಂ ಇದ್ದ ದ್ರಾವಣದ ಫಲಿತಾಂಶ ಕೆರೆ ನೀರಿಗೆ ಹೊಂದುವುದಿಲ್ಲ.

ಈಗ ನಿಜವಾದ ಹರಿವಿನ ಲೆಕ್ಕ. ದಿನಕ್ಕೆ 1000 ಲೀಟರ್, ಒಳಬರುವಾಗ ಲೀಟರಿಗೆ 5 ಮಿ.ಗ್ರಾಂ ರಂಜಕ, ಹೊರಗೆ 1 ಮಿ.ಗ್ರಾಂಗೆ ಇಳಿಯಬೇಕು. ಅಂದರೆ ದಿನಕ್ಕೆ 4 ಗ್ರಾಂ ರಂಜಕ ಹಿಡಿಯಬೇಕು. ಈ ಮಟ್ಟದಲ್ಲಿ ಚಾರ್ ಗ್ರಾಂಗೆ 3 ಮಿ.ಗ್ರಾಂ ಹಿಡಿಯುತ್ತದೆ ಎಂದುಕೊಂಡರೆ 10 ಕೆ.ಜಿ. ಚಾರ್ 30 ಗ್ರಾಂ ಹಿಡಿದು, ಏಳೂವರೆ ದಿನಕ್ಕೆ ತುಂಬಿಹೋಗುತ್ತದೆ. ಇದೇ ಲೆಕ್ಕದಲ್ಲಿ ದಿನಕ್ಕೆ 10 ಲಕ್ಷ ಲೀಟರಿಗೆ ನಿತ್ಯ 1 ಟನ್‌ಗಿಂತ ಹೆಚ್ಚು ಚಾರ್ ಬೇಕು! ಹಾಗಾಗಿ ಇದು ಇಡೀ ಕೆರೆಗೆ ಹಾಕುವ ಮದ್ದಲ್ಲ. ಸಣ್ಣ ಹರಿವಿಗೆ, ಬೇರೆ ಶುದ್ಧೀಕರಣ ಮುಗಿದ ಮೇಲಿನ ಕೊನೆಯ ಹಂತಕ್ಕೆ ಹೇಳಿ ಮಾಡಿಸಿದ್ದು.

ನೀರು ಹರಿಸಲು ಚಾರ್ ತುಂಬಿದ ಕೊಳವೆಯಲ್ಲಿ, ಅಂದರೆ ಕಾಲಂನಲ್ಲಿ, ಹೆಚ್ಚು ಕಾಟ ಕೊಡುವುದು ಪುಡಿ. ಅದು ಕಟ್ಟಿಕೊಂಡು ಹರಿವು ನಿಲ್ಲುತ್ತದೆ, ಇಲ್ಲವೇ ನೀರು ಗೋಡೆಯ ಪಕ್ಕದಲ್ಲಿ ದಾರಿ ಮಾಡಿಕೊಂಡು ಚಾರ್‌ಗೆ ತಾಗದೆ ಹೋಗುತ್ತದೆ. ಕಾಲಂಗೆ ಮೊದಲು ಮರಳಿನ ಸೋಸು ಇಡಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ. ಹೊರಬರುವ ನೀರಿನ ಪಿಎಚ್ ಮೊದಲ ದಿನಗಳಲ್ಲಿ 9–10 ಮುಟ್ಟಬಹುದು, ಮೀನಿರುವ ಕಡೆ ಅದನ್ನು ನೇರ ಬಿಡಬಾರದು.

ನೈಟ್ರೇಟಿಗೆ ಈ ದಾರಿ ಹಿಡಿಯಬೇಡಿ. ಅದು ಮೆಗ್ನೀಸಿಯಂಗೂ ಗಟ್ಟಿಯಾಗಿ ಅಂಟುವುದಿಲ್ಲ. ಮರದ ಚಕ್ಕೆ ತುಂಬಿ ಗಾಳಿಯಿಲ್ಲದಂತೆ ಇಟ್ಟ ಹಾಸಿನಲ್ಲಿ ಬ್ಯಾಕ್ಟೀರಿಯಾಗಳೇ ಅದನ್ನು ಸಾರಜನಕ ಅನಿಲವಾಗಿಸುತ್ತವೆ.

ತುಂಬಿದ ಚಾರ್ ನಿಧಾನವಾಗಿ ರಂಜಕ ಬಿಡುವ ಗೊಬ್ಬರ. ಕಾರ್ಖಾನೆ ನೀರು ಬೆರೆತಿದ್ದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷಿಸದೆ ಹೊಲಕ್ಕೆ ಹಾಕಬೇಡಿ. ಕ್ಷಾರ ಗುಣದ್ದಾದ್ದರಿಂದ ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಒಗ್ಗುತ್ತದೆ, ಮೊದಲೇ ಕ್ಷಾರವಾಗಿರುವ ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೆ ಬೇಡ.